ಸೊಸೆ ಕಲ್ಲು ಸರಿಯುತ್ತಿದೆ

ಹಾಸನ ಸೀಮೆಯ ಅತಿ ಹಳೆಯ ಕೌಟುಂಬಿಕ ದೌರ್ಜನ್ಯ ಪ್ರಕರಣ ಯಾವುದೆಂದು ತಿಳಿಯಲು ಪೊಲೀಸ್ ಕಡತ ಕೆದಕಬೇಕಿಲ್ಲ, ಹಾಸನಾಂಬೆಯ ಗುಡಿಗೆ ಹೋದರೆ ಸಾಕು. ಅಲ್ಲೊಂದು ಕಲ್ಲಿದೆ. ಸೊಸೆ ಕಲ್ಲು ಅನ್ನುತ್ತಾರೆ. ದಿನವೂ ದೇವಿಯ ದರ್ಶನಕ್ಕೆ ಬರುತ್ತಿದ್ದ ಸೊಸೆಯ ಹಿಂದೆಯೇ ಒಂದು ದಿನ ಅತ್ತೆಯೂ ಬಂದಳಂತೆ. ‘ಮನೆಗೆಲಸ ಬಿಟ್ಟು ಇಲ್ಲಿ ಬಂದು ಕೂತಿದೀಯಾ’ ಎಂದು ದೇವರ ಮುಂದಿದ್ದ ಚಂದ್ರಬಟ್ಟಲನ್ನೇ ಎತ್ತಿ ತಲೆಗೆ ಕುಕ್ಕಿದಳಂತೆ. ಸೊಸೆ ‘ಅಮ್ಮಾ ಹಾಸನಾಂಬೆ’ ಎಂದು ಕೂಗಿದಳು. ದೇವಿಗೆ ಕರುಣೆ ಉಕ್ಕಿತು. ಸೊಸೆಯನ್ನು ಕಲ್ಲು ಮಾಡಿದಳು.

ಇನ್ನೊಮ್ಮೆ ಓದಿಕೊಳ್ಳಿ. ಪೆಟ್ಟು ತಿಂದವಳು ಕಲ್ಲಾದಳು. ಪೆಟ್ಟು ಕೊಟ್ಟವಳು ಏನಾದಳು? ಕಥೆ ಆ ಸುದ್ದಿಯನ್ನೇ ಎತ್ತುವುದಿಲ್ಲ. ಮನೆಗೆ ಹೋಗಿ ಮುದ್ದೆಗೆ ಎಸರಿಟ್ಟಿರಬೇಕು.

ಅದೇ ಗುಡಿಯ ಆವರಣದಲ್ಲಿ ಇನ್ನೊಂದು ಕೇಸಿದೆ. ದೇವಿಯ ಒಡವೆ ಕದಿಯಲು ನಾಲ್ವರು ಕಳ್ಳರು ಬಂದರಂತೆ. ಅವರೂ ಕಲ್ಲಾದರು. ಕಳ್ಳಪ್ಪನ ಗುಡಿ ಎಂದು ಇವತ್ತಿಗೂ ತೋರಿಸುತ್ತಾರೆ. ಅಂದರೆ, ಒಡವೆಗೆ ಕೈ ಹಾಕಿದರೆ ಕೈ ಹಾಕಿದವನು ಕಲ್ಲಾಗುತ್ತಾನೆ, ಸೊಸೆಯ ಮೇಲೆ ಕೈ ಮಾಡಿದರೆ ಸೊಸೆಯೇ ಕಲ್ಲಾಗುತ್ತಾಳೆ. ನಮ್ಮ ಕಡೆಯ ದಂಡಸಂಹಿತೆ ಇಷ್ಟೇ. ಬ್ರಿಟಿಷರ ಐಪಿಸಿ, ಈಗಿನ ಭಾರತೀಯ ನ್ಯಾಯ ಸಂಹಿತೆ ಎಲ್ಲವೂ ಇದಕ್ಕೆ ಬಂದ ತಿದ್ದುಪಡಿಗಳು.

ಆ ಸೊಸೆ ಕಲ್ಲು ವರ್ಷಕ್ಕೆ ಒಂದು ಭತ್ತದ ಕಾಳಿನಷ್ಟು ದೇವಿಯ ಪಾದದ ಕಡೆಗೆ ಸರಿಯುತ್ತದಂತೆ. ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ. ವಿಚಾರವಾದಿಗಳು ನಗಬಹುದು. ನನಗೆ ಈ ನಂಬಿಕೆಯ ಮೇಲೆ ಪೂರ್ತಿ ಭಕ್ತಿ. ಜೀವನಾಂಶದ ಕೇಸು ಹಿಡಿದು ಕೋರ್ಟಿಗೆ ಅಲೆದವರನ್ನು ನಾನು ನೋಡಿದ್ದೇನೆ. ವರ್ಷಕ್ಕೊಂದು ಭತ್ತದ ಕಾಳು ಎಂಬ ಅಂದಾಜಿನಲ್ಲಿ ಉತ್ಪ್ರೇಕ್ಷೆ ಏನಾದರೂ ಇದ್ದರೆ ಅದು ವೇಗದ ಕಡೆಗೇ ಇದೆ.

ಆಗ ಪಾಪ, ದೇವಿಯ ಕೈಲಿ ಅನುದಾನವಿರಲಿಲ್ಲ. ಈಗಿನ ಸರ್ಕಾರಗಳಿಗೆ ಆ ಕೊರತೆಯಿಲ್ಲ.

2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸೊಂದರಲ್ಲಿ ನಡೆದ ಘೋರ ಅತ್ಯಾಚಾರಕ್ಕೆ ದೇಶವೇ ಬೀದಿಗಿಳಿಯಿತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ನೇಮಕವಾಯಿತು. ಆ ಸಮಿತಿ 29 ದಿನದಲ್ಲಿ ವರದಿ ಕೊಟ್ಟೇಬಿಟ್ಟಿತು. ಸರ್ಕಾರ ನೇಮಿಸಿದ ಸಮಿತಿಯೊಂದು ವಿಸ್ತರಣೆ ಕೇಳದೆ ಕೆಲಸ ಮುಗಿಸಿದ್ದು ಅಪಶಕುನವೆಂದು ಯಾರಿಗೋ ಅನ್ನಿಸಿರಬೇಕು. ಆ ದೋಷ ಕಳೆಯಲೋ ಎಂಬಂತೆ ಮುಂದಿನದೆಲ್ಲ ಬಹಳ ನಿಧಾನವಾಗಿ ನಡೆಯಿತು. 2013ರ ಬಜೆಟ್ಟಿನಲ್ಲಿ ಪಿ. ಚಿದಂಬರಂ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಘೋಷಿಸಿದರು. ಮರುವರ್ಷ ಇನ್ನೊಂದು 1,000 ಕೋಟಿ ಬಂದು ಪಕ್ಕದಲ್ಲಿ ಕೂತಿತು. ಕೂತಿತು ಎಂದೇ ಹೇಳಬೇಕು, ಎದ್ದು ಓಡಾಡಿದ್ದು ಬಹಳ ಕಡಿಮೆ.

ಹಾಸನದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ, ಎರಡು ವಾರ ತೆರೆಯುತ್ತದೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದೆ, ಮುಡಿಸಿದ ಹೂ ಬಾಡಿರುವುದಿಲ್ಲ, ಇಟ್ಟ ನೈವೇದ್ಯ ಹಳಸಿರುವುದಿಲ್ಲ ಎಂಬುದು ಭಕ್ತರ ನಂಬಿಕೆ. ನಿರ್ಭಯಾ ನಿಧಿಯ ಮೊದಲ ವರ್ಷಗಳ ಪವಾಡವೂ ಅದೇ. ಮಾರ್ಚ್ ಕೊನೆಗೆ ಬಾಗಿಲು ತೆರೆದು ನೋಡಿದರೆ ಇಟ್ಟ ದುಡ್ಡು ಇಟ್ಟ ಹಾಗೇ, ಒಂದಿಷ್ಟೂ ಹಳಸದೆ.

ಆಮೇಲೆ ಟೀಕೆ ಬಂತು, ಸುಪ್ರೀಂ ಕೋರ್ಟೂ ಕೇಳಿತು, ಖರ್ಚು ಶುರುವಾಯಿತು. 2024-25ರ ತನಕ ಸುಮಾರು 7,700 ಕೋಟಿ ಹಂಚಿಕೆಯಾಗಿ, ಅದರಲ್ಲಿ ಮುಕ್ಕಾಲು ಪಾಲು ಬಳಕೆಯಾಗಿದೆ ಎಂದು ಕೇಂದ್ರದ ಲೆಕ್ಕ ಹೇಳುತ್ತದೆ. ಎಲ್ಲಿಗೆ ಹೋಯಿತು ದುಡ್ಡು? ತಲೆ ಎತ್ತಿ ನೋಡಿದರೆ ಕಾಣುತ್ತದೆ. ಕಂಬದ ಮೇಲಿದೆ. ಬೆಂಗಳೂರಿನ ಸುರಕ್ಷಿತ ನಗರ ಯೋಜನೆಗೆ ಸುಮಾರು 667 ಕೋಟಿ, ಸಾವಿರಾರು ಕ್ಯಾಮೆರಾ. ರೈಲು ನಿಲ್ದಾಣಗಳಿಗೆ ಕ್ಯಾಮೆರಾ. ಬಸ್ಸುಗಳಿಗೆ ಕೆಂಪು ಗುಂಡಿ. 10,000 ಪೊಲೀಸ್ ಠಾಣೆಗಳಲ್ಲಿ ಮಹಿಳಾ ಸಹಾಯ ಕೇಂದ್ರ ತೆರೆಯಲು 100 ಕೋಟಿ. ಭಾಗಿಸಿದರೆ ಠಾಣೆಗೆ ತಲಾ ಒಂದು ಲಕ್ಷ. ಒಂದು ಮೇಜು, ನಾಲ್ಕು ಕುರ್ಚಿ, ಒಂದು ಕಂಪ್ಯೂಟರ್, ಗೋಡೆಗೊಂದು ಗುಲಾಬಿ ಬೋರ್ಡು.

ಇವು ಬೇಡವೆಂದಲ್ಲ. ಅದೇ ನಿಧಿಯಿಂದ ಡಿಎನ್‌ಎ ಪ್ರಯೋಗಾಲಯ ಬಲಗೊಂಡಿದೆ, ಅತ್ಯಾಚಾರ ಪ್ರಕರಣಗಳ ಸಾಕ್ಷ್ಯ ಸಂಗ್ರಹದ ಕಿಟ್ ಬಂದಿದೆ, ತುರ್ತು ಕರೆಗೆ 112 ಬಂದಿದೆ. ಬಂದದ್ದನ್ನು ಬಂತು ಅನ್ನಬೇಕು. ಆದರೆ ಕ್ಯಾಮೆರಾ ನೋಡುವುದು ಬೀದಿಯನ್ನು, ಪೆಟ್ಟು ಬೀಳುವುದು ಒಲೆಯ ಮುಂದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-20ರಲ್ಲಿ ಕರ್ನಾಟಕದ 18ರಿಂದ 49ರ ವಯಸ್ಸಿನ ವಿವಾಹಿತೆಯರನ್ನು ಕೇಳಿದಾಗ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ದೇಶಕ್ಕೇ ಮೊದಲ ಸ್ಥಾನ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಈ ಅಂಕಿ 20.6 ಇತ್ತು. ಹೊಡೆಯುವವರು ಹೆಚ್ಚಾದರೋ, ಹೇಳುವ ಧೈರ್ಯ ಹೆಚ್ಚಾಯಿತೋ, ಪಂಡಿತರು ಚರ್ಚಿಸಲಿ. ನಮ್ಮ ಕಡೆ ಆಲೂಗೆಡ್ಡೆ ಇಳುವರಿ ನಾಲ್ಕು ವರ್ಷದಲ್ಲಿ ಹೀಗೆ ದುಪ್ಪಟ್ಟಾಗಿದ್ದರೆ ಇಷ್ಟು ಹೊತ್ತಿಗೆ ಮೇಳ ಮಾಡಿ, ಪ್ರಗತಿಪರ ರೈತರಿಗೆ ಶಾಲು ಹೊದಿಸಿ, ಫೋಟೋ ಹಾಕಿಸಿರುತ್ತಿದ್ದರು. ಈ ಬೆಳೆಯ ವಿಷಯದಲ್ಲಿ ಮಾತ್ರ ಪ್ರಥಮ ಸ್ಥಾನದ ಫ್ಲೆಕ್ಸ್ ನಾನೆಲ್ಲೂ ಕಂಡಿಲ್ಲ.

ಈಗ ದುದ್ದಕ್ಕೆ ಬನ್ನಿ. ದುದ್ದ ಹಾಸನ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಹೋಬಳಿ ಎಂದರೆ ರಾಜಧಾನಿಯ ನಕ್ಷೆಯಲ್ಲಿ ಚುಕ್ಕೆಗಿಂತ ಚಿಕ್ಕದು, ಸುತ್ತಲಿನ ಹಳ್ಳಿಗಳ ಪಾಲಿಗೆ ದೆಹಲಿಗಿಂತ ದೊಡ್ಡದು. ಬೆಳಗಿನ ಹೊತ್ತು ಬಸ್ ಸ್ಟಾಂಡಿನಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ ಎಂದುಕೊಳ್ಳಿ. ಹೆಸರು ಬೇಡ. ಸೆರಗು ಕಿವಿಯ ತನಕ ಎಳೆದುಕೊಂಡಿದ್ದಾಳೆ, ಚಳಿಗಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರಲ್ಲಿ ಆಧಾರ್ ಕಾರ್ಡು, ರೇಷನ್ ಕಾರ್ಡಿನ ಜೆರಾಕ್ಸು, ಆಸ್ಪತ್ರೆಯ ಚೀಟಿ. ಎಲ್ಲ ಅನುದಾನಗಳ, ಎಲ್ಲ ಮಾರ್ಗಸೂಚಿಗಳ, ಎಲ್ಲ ಕಾರ್ಯಾಗಾರಗಳ ಕಟ್ಟಕಡೆಯ ಫಲಾನುಭವಿ ಇವಳೇ.

ಇವಳು ಇಲ್ಲಿಗೆ ಬರುವ ಮೊದಲೇ ಮೂರು ನ್ಯಾಯಪೀಠಗಳನ್ನು ದಾಟಿ ಬಂದಿದ್ದಾಳೆ. ಮೊದಲನೆಯದು ತವರು. ‘ಹೊಂದ್ಕಂಡ್ ಹೋಗವ್ವ’ ಎಂಬ ತೀರ್ಪು ಅಲ್ಲಿ ಸದಾ ಸಿದ್ಧ, ಖಾಲಿ ಬಿಟ್ಟ ಜಾಗದಲ್ಲಿ ಹೆಸರು ತುಂಬಿದರೆ ಮುಗಿಯಿತು. ಎರಡನೆಯದು ಜಗಲಿ ಪಂಚಾಯ್ತಿ. ಅಲ್ಲಿ ಯಜಮಾನರು ಎಲೆಅಡಿಕೆ ಹಾಕಿಕೊಂಡು, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕಲಂ ಎಂದು ಓದುತ್ತಾರೆ. ಆ ಗಾದೆ ಕಟ್ಟಿದವನು ಉಂಡು ಮಲಗಿದವನೇ ಇರಬೇಕು, ಬಡಿಸಿದವಳನ್ನು ಕೇಳಿ ಕಟ್ಟಿದ್ದಲ್ಲ. ಮೂರನೆಯದು ಠಾಣೆ. ಅಲ್ಲಿ ಗುಲಾಬಿ ಬೋರ್ಡಿದೆ, ಒಂದು ಲಕ್ಷದ ಮೇಜಿದೆ. ಮೇಜಿನ ಹಿಂದೆ ಕೂರಬೇಕಾದ ಹೆಣ್ಣುಮಗಳನ್ನು ಬಂದೋಬಸ್ತಿಗೆ ಕಳಿಸಿದ್ದಾರೆ. ಕೊನೆಗೆ ಗಂಡನನ್ನು ಕರೆಸುತ್ತಾರೆ, ನಾಲ್ಕು ಬೈಗುಳ, ಒಂದು ಮುಚ್ಚಳಿಕೆ. ‘ಇನ್ನು ಮುಂದೆ ಹೊಡೆಯುವುದಿಲ್ಲ’ ಎಂದು ಅವನು ಸಹಿ ಹಾಕುತ್ತಾನೆ. ಇವಳ ಕೈಗೆ ಒಂದು ಹಿಂಬರಹ. ಅವನು ಮುಚ್ಚಿ ಬರೆದುಕೊಟ್ಟದ್ದು ಮುಚ್ಚಳಿಕೆ, ಇವಳನ್ನು ಹಿಂದಕ್ಕೆ ಕಳಿಸಲು ಬರೆದುಕೊಟ್ಟದ್ದು ಹಿಂಬರಹ. ಕನ್ನಡದಲ್ಲಿ ಕಾನೂನು ಪದಗಳಿಗೆ ಅರ್ಥ ಸಾಲದು ಎನ್ನುವವರು ಈ ಎರಡನ್ನು ಒಮ್ಮೆ ಬಿಡಿಸಿ ಓದಬೇಕು.

ಕಾನೂನು ಏನು ಹೇಳುತ್ತದೆ? ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಾಯಿತು. ಬಹಳ ಒಳ್ಳೆಯ ಕಾಯ್ದೆ. ಗಂಡನನ್ನು ಜೈಲಿಗೆ ಹಾಕುವುದಕ್ಕಿಂತ ಹೆಂಡತಿಯನ್ನು ಮನೆಯಲ್ಲಿ ಉಳಿಸುವುದು ಮುಖ್ಯ ಎಂದು ಅರಿತು ಬರೆದದ್ದು. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದೊಳಗೆ ಇತ್ಯರ್ಥ. ಮಹಿಳೆಯ ಜೊತೆ ನಿಂತು, ವರದಿ ತಯಾರಿಸಿ, ಆಸ್ಪತ್ರೆಗೆ ಕರೆದೊಯ್ದು, ಕೋರ್ಟಿಗೆ ನೆರವಾಗಿ, ಆದೇಶ ಜಾರಿಯಾಗುವುದನ್ನು ನೋಡಿಕೊಳ್ಳಲು ಒಬ್ಬ ಸಂರಕ್ಷಣಾಧಿಕಾರಿ.

ಆ ಸಂರಕ್ಷಣಾಧಿಕಾರಿ ಯಾರು? ನಮ್ಮ ರಾಜ್ಯದಲ್ಲಿ ಆ ಕಿರೀಟವನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ತಲೆಗೆ ಇಟ್ಟಿದ್ದಾರೆ. ಅವರೇ ಸಿಡಿಪಿಒ. ಅವರ ತಲೆಯ ಮೇಲೆ ಆಗಲೇ ತಾಲ್ಲೂಕಿನ ಅಷ್ಟೂ ಅಂಗನವಾಡಿಗಳಿವೆ. ಮಕ್ಕಳ ತೂಕ, ಗರ್ಭಿಣಿಯರ ಊಟ, ಮೊಟ್ಟೆಯ ಲೆಕ್ಕ, ಮಾತೃವಂದನಾ, ಭಾಗ್ಯಲಕ್ಷ್ಮಿ ಬಾಂಡು, ಗೃಹಲಕ್ಷ್ಮಿಯ ಎರಡು ಸಾವಿರ ಯಾಕೆ ಬಂದಿಲ್ಲ ಎಂಬ ಜಗಳ, ಬಾಲ್ಯವಿವಾಹ ತಡೆಯುವುದು, ಸಚಿವರು ಬಂದರೆ ಹೂಗುಚ್ಛ. ಇಷ್ಟೆಲ್ಲ ಮುಗಿದ ಮೇಲೆ ಉಳಿದ ಸಮಯದಲ್ಲಿ ತಾಲ್ಲೂಕಿನ ಹೆಂಡತಿಯರನ್ನು ಗಂಡಂದಿರಿಂದ ಕಾಪಾಡುವುದು. ಸೊಸೆಗೆ ಅತ್ತೆ ಕೆಲಸ ಹೇಳಿದ ಹಾಗಿದೆ ಇದು. ಎಲ್ಲ ಮುಗಿಸಿ ಬೇಕಾದರೆ ಗುಡಿಗೆ ಹೋಗು, ಮುಗಿಯದಿದ್ದರೆ ಚಂದ್ರಬಟ್ಟಲು ಇದ್ದೇ ಇದೆ. ಆ ಅಧಿಕಾರಿಯನ್ನು ನಾನು ಬಯ್ಯಲಾರೆ. ಅವರೂ ಬಹುಪಾಲು ಹೆಣ್ಣುಮಕ್ಕಳೇ, ಯಾವುದೋ ಮನೆಯ ಸೊಸೆಯಂದಿರೇ.

ಕಾಯ್ದೆ ಬಂದು 20 ವರ್ಷವಾಗುತ್ತ ಬಂದಾಗ, 2025ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಆದೇಶ ಕೊಟ್ಟಿತು: ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಆರು ವಾರದಲ್ಲಿ ಗೊತ್ತುಮಾಡಿ. ಗೊತ್ತುಮಾಡುವುದರಲ್ಲಿ ನಮ್ಮವರು ನಿಸ್ಸೀಮರು. ಇದ್ದ ಕುರ್ಚಿಗೆ ಹೊಸ ನಾಮಫಲಕ ತಗುಲಿಸಿದರೆ ಗೊತ್ತಾಯಿತು. ಗೊತ್ತಾಗದಿರುವುದು ದುದ್ದದ ಬಸ್ ಸ್ಟಾಂಡಿನಲ್ಲಿ ನಿಂತವಳಿಗೆ.

ಇರಲಿ, ಅವಳು ಹಾಸನಕ್ಕೆ ಹೋಗಲಿ. ಅಲ್ಲಿ ಯಾರನ್ನು ಕೇಳಬೇಕು? ‘ಶಕ್ತಿ’ ಕೇಳು ಅನ್ನುತ್ತಾರೆ. ಯಾವ ಶಕ್ತಿ? ಕೇಂದ್ರದ್ದು ‘ಮಿಷನ್ ಶಕ್ತಿ’, ಅದರ ಹೊಟ್ಟೆಯಲ್ಲಿ ಎರಡು ಮರಿ, ‘ಸಂಬಲ್’ ಮತ್ತು ‘ಸಾಮರ್ಥ್ಯ’. ಸಂಬಲ್‌ನ ಹೊಟ್ಟೆಯಲ್ಲಿ ‘ಸಖಿ’. ರಾಜ್ಯದ್ದು ಇನ್ನೊಂದು ‘ಶಕ್ತಿ’, ಅದು ಬಸ್ಸು. ಆಸ್ಪತ್ರೆಯಲ್ಲಿ ‘ಗೆಳತಿ’. ಸ್ವಯಂಸೇವಾ ಸಂಸ್ಥೆಗಳು ನಡೆಸಿಕೊಂಡು ಬಂದದ್ದು ‘ಸಾಂತ್ವನ’. ಇನ್ನೊಂದು ‘ಅಕ್ಕ ಪಡೆ’. ಗೆಳತಿ, ಸಖಿ, ಅಕ್ಕ ಎಲ್ಲರೂ ಇದ್ದಾರೆ. ಇಷ್ಟು ಬಂಧುಬಳಗವಿದ್ದೂ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೆ ತೆರೆಯುವ ಮನೆ ಯಾವುದೆಂದು ಅವಳಿಗೆ ತಿಳಿದಿಲ್ಲ.

ಸಖಿ ಕೇಂದ್ರದ ಕಲ್ಪನೆ ಚೆನ್ನಾಗಿದೆ. 2015ರ ಏಪ್ರಿಲ್‌ನಿಂದ ಬಂದದ್ದು. ಒಂದೇ ಸೂರಿನಡಿ ವೈದ್ಯರು, ಪೊಲೀಸರು, ವಕೀಲರು, ಆಪ್ತಸಮಾಲೋಚಕಿ, ಐದು ದಿನದ ಮಟ್ಟಿಗೆ ಹಾಸಿಗೆ. ಐದು ದಿನ ಎಂದು ಯಾರು ಲೆಕ್ಕ ಹಾಕಿದರೋ. ಆರನೆಯ ದಿನ ಗಂಡ ಬದಲಾಗಿರುತ್ತಾನೆ ಎಂದು ಮಾರ್ಗಸೂಚಿ ನಂಬಿದಂತಿದೆ. ಎಂಟು ತಾಲ್ಲೂಕಿನ ಜಿಲ್ಲೆಗೆ ಜಿಲ್ಲಾ ಕೇಂದ್ರದ ಸೂರು ಒಂದಾದರೆ, ಅರಕಲಗೂಡಿನ ಹೊಗೆಸೊಪ್ಪಿನ ಹೊಲದವಳಿಗೂ ಚನ್ನರಾಯಪಟ್ಟಣದ ತೆಂಗಿನ ತೋಟದವಳಿಗೂ ಅದು ಒಂದೇ ಸೂರು, ಆದರೆ ಎರಡು ಬಸ್ಸು. ಅಲ್ಲಿ ಕೂತು ಕಣ್ಣೀರಿಗೆ ಕಿವಿಗೊಡುವ ಹೆಣ್ಣುಮಗಳು ಗುತ್ತಿಗೆ ನೌಕರಳು. ಅನುದಾನದ ಕಂತು ತಡವಾದರೆ ಅವಳ ಮನೆಯಲ್ಲೂ ಜಗಳ. ಆಗ ಅವಳು ಯಾವ ಸಖಿಯನ್ನು ಹುಡುಕಿಕೊಂಡು ಹೋಗಬೇಕೆಂದು ಮಾರ್ಗಸೂಚಿಯಲ್ಲಿ ಬರೆದಿಲ್ಲ.

ಕ್ಯಾಮೆರಾಗೆ ಈ ತಾಪತ್ರಯವಿಲ್ಲ. ಅದಕ್ಕೆ ಸಂಬಳ ಬೇಡ, ಹೆರಿಗೆ ರಜೆ ಬೇಡ, ಕಾಯಂ ಮಾಡಿ ಎಂದು ಧರಣಿ ಕೂರುವುದಿಲ್ಲ. ಒಮ್ಮೆ ಟೆಂಡರ್ ಕರೆದರೆ ಮುಗಿಯಿತು, ಟೆಂಡರ್ ಎಂದರೆ ಎಲ್ಲರ ಮುಖದಲ್ಲೂ ಕಳೆ. ಆಪ್ತಸಮಾಲೋಚಕಿಯನ್ನು ಉದ್ಘಾಟಿಸಲು ಬರುವುದಿಲ್ಲ, ಅವಳಿಗೆ ರಿಬ್ಬನ್ ಕಟ್ಟಲಾಗುವುದಿಲ್ಲ. ಅನುದಾನದ ತರ್ಕ ಇಷ್ಟೇ ಸರಳ: ರಿಬ್ಬನ್ ಕಟ್ಟಬಹುದಾದ್ದಕ್ಕೆ ದುಡ್ಡು.

ರಿಬ್ಬನ್ ಕಟ್ಟಲಾಗದ್ದಕ್ಕೂ ದುಡ್ಡು ಸಿಗುವ ಒಂದು ಹಬ್ಬವಿದೆ. ನವೆಂಬರ್ 25, ಮಹಿಳೆಯರ ಮೇಲಿನ ದೌರ್ಜನ್ಯ ನಿರ್ಮೂಲನೆಯ ಅಂತರರಾಷ್ಟ್ರೀಯ ದಿನ. ಅಲ್ಲಿಂದ ಡಿಸೆಂಬರ್ 10ರ ತನಕ 16 ದಿನ. ಹಾಸನಾಂಬೆಯ ಉತ್ಸವ ಮುಗಿದ ತಿಂಗಳಿಗೆ ಇದು. ಅಲ್ಲಿ ಎರಡು ವಾರ, ಇಲ್ಲೂ ಎರಡು ವಾರದ ಮೇಲೆರಡು ದಿನ. ಲಿಂಗ ಸಂವೇದನಾ ಕಾರ್ಯಾಗಾರ. ಪ್ರಾರ್ಥನೆ ಹಾಡುವವರು ಹೆಣ್ಣುಮಕ್ಕಳು, ನಿರೂಪಣೆ ಹೆಣ್ಣುಮಗಳು, ತಟ್ಟೆ ಹಿಡಿದು ನಿಂತವರು ಹೆಣ್ಣುಮಕ್ಕಳು, ವೇದಿಕೆಯ ಮೇಲಿನ ಒಂಬತ್ತು ಕುರ್ಚಿಯಲ್ಲಿ ಎಂಟು ಗಂಡಸರು. ಹೆಣ್ಣು ಭೂಮಿತಾಯಿ, ಹೆಣ್ಣು ಕ್ಷಮೆ, ಹೆಣ್ಣು ಸಹನೆ ಎಂದು ಅವರು ಗಂಟೆಗಟ್ಟಲೆ ಹೇಳುತ್ತಾರೆ. ಭೂಮಿಯನ್ನು ತುಳಿಯುವವರು ಅದರ ಸಹನೆಯನ್ನು ಹೊಗಳುವುದು ನ್ಯಾಯವೇ. ಪ್ರಶ್ನೋತ್ತರದ ಹೊತ್ತಿಗೆ ಹೋಳಿಗೆಯ ಪರಿಮಳ ಬರುತ್ತದೆ, ಸಮಯದ ಅಭಾವದಿಂದ ಪ್ರಶ್ನೆ ರದ್ದು. ಗುಂಪು ಫೋಟೋ. ಅದನ್ನು ಹಣ ಬಳಕೆ ಪ್ರಮಾಣಪತ್ರಕ್ಕೆ ಪಿನ್ ಮಾಡಿದರೆ ಒಂದು ವರ್ಷದ ನ್ಯಾಯದಾನ ಸಂಪನ್ನ.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ, ಎಲ್ಲ ದೇಶದಲ್ಲೂ ದುಡ್ಡು ಜಾರುವುದು ಇಳಿಜಾರಿನ ಕಡೆಗೇ. ಅದಕ್ಕೇ ಅಮೆರಿಕದವರು ಮಹಿಳೆಯರ ಮೇಲಿನ ಹಿಂಸೆಯ ಕುರಿತ 1994ರ ತಮ್ಮ ಕಾನೂನಿನಲ್ಲಿ ಬದು ಕಟ್ಟಿಕೊಂಡರು. ರಾಜ್ಯಗಳಿಗೆ ಕೊಡುವ ಅನುದಾನದಲ್ಲಿ ಪೊಲೀಸರಿಗೆ ಇಷ್ಟು, ಸರ್ಕಾರಿ ವಕೀಲರಿಗೆ ಇಷ್ಟು, ಕೋರ್ಟಿಗೆ ಇಷ್ಟು, ಎಲ್ಲಕ್ಕಿಂತ ದೊಡ್ಡ ಪಾಲು, ಕನಿಷ್ಠ ಶೇ 30, ನೊಂದವರಿಗೆ ನೇರ ನೆರವು ನೀಡುವವರಿಗೆ ಎಂದು, ಆಮೇಲಿನ ತಿದ್ದುಪಡಿಗಳೂ ಸೇರಿ, ಆ ಕಾನೂನೇ ಪಾಲುಪಟ್ಟಿ ಬರೆದಿಟ್ಟಿದೆ. ಅಲ್ಲೂ ರಾಮರಾಜ್ಯವೇನಿಲ್ಲ. ಆದರೆ ಅಣ್ಣತಮ್ಮಂದಿರ ನಡುವೆ ಆಸ್ತಿ ಭಾಗ ಮಾಡುವಾಗ ತೆಂಗಿನ ಮರದ ನೆರಳಿಗೂ ಪಾಲುಪಟ್ಟಿ ಬರೆಯುವ ನಾವು, ಅಕ್ಕತಂಗಿಯರ ದುಡ್ಡಿಗೆ ಮಾತ್ರ ಬಾಯಿಮಾತಿನಲ್ಲೇ ಭಾಗ ಮುಗಿಸಿದ್ದೇವೆ.

ಹಾಗಾದರೆ ನಮ್ಮ ವ್ಯವಸ್ಥೆಗೆ ಕೈಲಾಗುವುದೇ ಇಲ್ಲವೇ? ಹಾಗನ್ನುವ ಹಾಗೂ ಇಲ್ಲ. ಹೊಳೆನರಸೀಪುರದ ಪ್ರಕರಣವನ್ನು ನೋಡಿ.

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಗೆ ಹಾಸನ ಮತ ಹಾಕುವ ಮುಂಚಿನ ದಿನಗಳಲ್ಲಿ, ಲೈಂಗಿಕ ದೌರ್ಜನ್ಯದ ವಿಡಿಯೋಗಳಿದ್ದ ಪೆನ್ ಡ್ರೈವ್‌ಗಳು ಜಿಲ್ಲೆಯ ತುಂಬ ಹರಿದಾಡಿದವು. ಬಸ್ ಸ್ಟಾಂಡು, ಪಾರ್ಕು, ಟೀ ಅಂಗಡಿ ಎಲ್ಲೂ ಬಿಡಲಿಲ್ಲ. ನೊಂದ ಹೆಣ್ಣಿನ ಗುರುತು ಬಯಲು ಮಾಡಬಾರದೆಂದು ಕಾನೂನಿದೆ. ಆ ಕಾನೂನನ್ನು ಮುಖ ಮುಚ್ಚದ ವಿಡಿಯೋಗಳಲ್ಲಿ ಊರಿಗೆ ಊರೇ ನೋಡಿತು. ಸಂರಕ್ಷಣಾಧಿಕಾರಿಯ ಫೋನ್ ನಂಬರು 18 ವರ್ಷದಲ್ಲಿ ತಲುಪದ ಹಳ್ಳಿಗಳನ್ನು ಪೆನ್ ಡ್ರೈವ್ ನಾಲ್ಕು ದಿನದಲ್ಲಿ ತಲುಪಿತು. ಕಟ್ಟಕಡೆಯ ವ್ಯಕ್ತಿಗೂ ತಲುಪಬೇಕು ಎಂದು ಯೋಜನೆಗಳಲ್ಲಿ ಬರೆಯುತ್ತಾರಲ್ಲ, ನಮ್ಮ ಜಿಲ್ಲೆಯಲ್ಲಿ ಆ ಗುರಿ ಮುಟ್ಟಿದ್ದು ಆ ಒಂದು ಸಲ. ಅದಕ್ಕೆ ಅನುದಾನವೂ ಬೇಕಾಗಲಿಲ್ಲ.

ಆಮೇಲೆ ವಿಶೇಷ ತನಿಖಾ ತಂಡ ಬಂತು. ಆರೋಪ ಹೊತ್ತ ಆಗಿನ ಸಂಸದ ಪ್ರಜ್ವಲ್ ರೇವಣ್ಣ ಮತದಾನ ಮುಗಿಯುತ್ತಲೇ ಜರ್ಮನಿಗೆ ಹೋಗಿದ್ದರು. ಮೇ 30ರಂದು ಸಾವಿರಾರು ಮಂದಿ ‘ಹಾಸನ ಚಲೋ’ ಎಂದು ಬಂದು ಬೀದಿಯಲ್ಲಿ ನಿಂತರು. ಮರುದಿನ ನಸುಕಿನೊಳಗೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬಂಧನ. ಮನೆಗೆಲಸದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ತಪ್ಪಿತಸ್ಥನೆಂದು ತೀರ್ಪಿತ್ತಿತು. ಮರುದಿನ ಬದುಕಿರುವ ತನಕ ಜೈಲು ಎಂಬ ಶಿಕ್ಷೆ, ನೊಂದ ಮಹಿಳೆಗೆ 11 ಲಕ್ಷಕ್ಕೂ ಹೆಚ್ಚು ಪರಿಹಾರ. ಮೇಲ್ಮನವಿ ಹೈಕೋರ್ಟಿಗೆ ಹೋಗಿದೆ, ಅದು ಕಾನೂನಿನ ದಾರಿ, ನಡೆಯಲಿ. ನಾನು ಹೇಳುತ್ತಿರುವುದು ಕಾಲದ ಲೆಕ್ಕ. ಬಯಲಾದದ್ದಕ್ಕೂ ತೀರ್ಪಿಗೂ ನಡುವೆ 16 ತಿಂಗಳೂ ಇಲ್ಲ. ಭತ್ತದ ಕಾಳಿನ ಲೆಕ್ಕದಲ್ಲಿ ಇದು ಕುದುರೆಯ ಓಟ.

ಆ ಓಟಕ್ಕೆ ಏನು ಕಾರಣ? ಕಂಬದ ಮೇಲಿನ ಕ್ಯಾಮೆರಾ ಅಲ್ಲ. ಆಕೆ ಬಾಯಿ ಬಿಟ್ಟದ್ದು, ಆಕೆ ಹೇಳಿದ್ದನ್ನು ಬರೆದುಕೊಳ್ಳಲು ಅಧಿಕಾರಿಗಳಿದ್ದದ್ದು, ಉಳಿದಿದ್ದ ಒಂದು ಸೀರೆ, ಆ ಸೀರೆಯನ್ನು ಓದಬಲ್ಲ ಡಿಎನ್‌ಎ ತಜ್ಞರು, ದಿನಾಂಕ ಮುಂದೂಡದ ನ್ಯಾಯಾಧೀಶರು. ಮನುಷ್ಯರು, ಮನುಷ್ಯರು, ಮನುಷ್ಯರು. ಇವರೆಲ್ಲ ನಮ್ಮ ಸರ್ಕಾರದಲ್ಲೇ ಇದ್ದರು, ಮನಸ್ಸು ಮಾಡಿದರೆ ಸಿಗುತ್ತಾರೆ ಎಂದು ಆಗ ಗೊತ್ತಾಯಿತು.

ಆದರೆ ಒಂದು ಸಣ್ಣ ತೊಡಕಿದೆ. ಅದು ಜನಪ್ರತಿನಿಧಿಗಳ ಮೇಲಿನ ಕೇಸುಗಳಿಗೆಂದೇ ಇರುವ ವಿಶೇಷ ನ್ಯಾಯಾಲಯ. ಅಲ್ಲಿಗೆ ಬಾಗಿಲು ತೆರೆದದ್ದು ದೂರು ಕೊಟ್ಟವಳ ಕಷ್ಟ ನೋಡಿ ಅಲ್ಲ, ಆರೋಪಿಯ ಹುದ್ದೆ ನೋಡಿ. ಅತ್ಯಾಚಾರ ಮತ್ತು ಪೋಕ್ಸೊ ಪ್ರಕರಣಗಳಿಗೆ 2019ರಲ್ಲಿ 1,023 ತ್ವರಿತಗತಿ ವಿಶೇಷ ನ್ಯಾಯಾಲಯಗಳ ಯೋಜನೆ ಬಂತು, ಅದಕ್ಕೂ ನಿರ್ಭಯಾ ನಿಧಿಯದೇ ದುಡ್ಡು. ಆದರೆ ದುದ್ದದವಳ ಅಡುಗೆಮನೆಯ ಕೇಸಿಗೆ ಆ ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ, ಅದಕ್ಕೆ ಪ್ಯಾಸೆಂಜರೇ ಗತಿ. ಆದ್ದರಿಂದ ಬಸ್ ಸ್ಟಾಂಡಿನಲ್ಲಿ ನಿಂತ ತಂಗಿಗೆ ನನ್ನದೊಂದು ಕಾನೂನು ಸಲಹೆ, ಫೀಸಿಲ್ಲ: ಮೊದಲು ಯಾವುದಾದರೂ ಪಕ್ಷ ಹಿಡಿದು ಗಂಡನಿಗೆ ಟಿಕೆಟ್ ಕೊಡಿಸು. ಗೆಲ್ಲಿಸು. ಆಮೇಲೆ ಪೆಟ್ಟು ತಿನ್ನು. ಹದಿನಾರು ತಿಂಗಳಲ್ಲಿ ಕೆಲಸ ಆಗುತ್ತದೆ.

ಸರ್ಕಾರಕ್ಕೂ ಕೆಲವು ಸಲಹೆಗಳಿವೆ, ಮುಂದಿನ ಕಂತಿನ ಪ್ರಸ್ತಾವನೆಯಲ್ಲಿ ಸೇರಿಸಬಹುದು. ಸೊಸೆ ಕಲ್ಲಿಗೆ ಆಧಾರ್ ಜೋಡಣೆ ಮಾಡಿ ಅಧಿಕೃತ ಫಲಾನುಭವಿಯೆಂದು ಘೋಷಿಸುವುದು. ಅದು ಸರಿಯುವುದನ್ನು ದಿನದ 24 ಗಂಟೆ ದಾಖಲಿಸಲು ನಾಲ್ಕು ಕ್ಯಾಮೆರಾ, ಜಿಲ್ಲಾ ಕೇಂದ್ರದಲ್ಲೊಂದು ಕಮಾಂಡ್ ಸೆಂಟರ್. ಕಲ್ಲು ಒಂದು ಕಾಳು ಸರಿದ ಪ್ರತಿ ವರ್ಷ ಪ್ರಗತಿ ಪರಿಶೀಲನಾ ಸಭೆ. ಕಲ್ಲಿಗೆ ಲಿಂಗ ಸಂವೇದನಾ ತರಬೇತಿ. ಯೋಜನೆಯ ಹೆಸರು ‘ಶಿಲಾ ಶಕ್ತಿ’, ಮೂರನೆಯ ಶಕ್ತಿ ಬಂದರೆ ಗೊಂದಲ ಪರಿಪೂರ್ಣವಾಗುತ್ತದೆ. ಖರ್ಚಿಗೆ ಯೋಚನೆ ಬೇಡ. ಉತ್ಸವದಲ್ಲಿ ಬೇಗ ದರ್ಶನವಾಗಲು ಭಕ್ತರು ಸಾವಿರ ರೂಪಾಯಿಯ ಟಿಕೆಟ್ ಕೊಳ್ಳುತ್ತಾರೆ. ಲಕ್ಷಗಟ್ಟಲೆ ಜನಕ್ಕೆ ಎರಡು ವಾರ ಸಾಲು, ನೆರಳು, ನೀರು, ಶೌಚಾಲಯ, ಬಸ್ಸು, ಸ್ವಯಂಸೇವಕರು ಎಲ್ಲವನ್ನೂ ಜಿಲ್ಲಾಡಳಿತ ಸೊಗಸಾಗಿ ಮಾಡುತ್ತದೆ. ಕಲ್ಲಾದ ಸೊಸೆಯ ದರ್ಶನಕ್ಕೆ ಇಷ್ಟು ಮಾಡಬಲ್ಲವರು, ಇನ್ನೂ ಕಲ್ಲಾಗದ ಸೊಸೆಗೆ ಸಂರಕ್ಷಣಾಧಿಕಾರಿಯ ದರ್ಶನ ಮಾಡಿಸಲಾರರೇ?

ಹೋಬಳಿಗೊಬ್ಬಳು. ನಾನು ಕೇಳುವುದು ಇಷ್ಟೇ. ಬೇರೆ ಕೆಲಸವಿಲ್ಲದ, ತಿಂಗಳಿಗೆ ಸರಿಯಾಗಿ ಸಂಬಳ ಬರುವ, ಠಾಣೆಗೂ ಆಸ್ಪತ್ರೆಗೂ ಕೋರ್ಟಿಗೂ ಜೊತೆಯಲ್ಲಿ ನಡೆದು ಬರುವ ಒಬ್ಬ ಹೆಣ್ಣುಮಗಳು. ದುದ್ದಕ್ಕೊಬ್ಬಳು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಒಂದೊಂದು ಹೋಬಳಿಗೂ ಒಬ್ಬೊಬ್ಬಳು. ಇದರಲ್ಲಿ ರಿಬ್ಬನ್ ಇಲ್ಲ, ಟೆಂಡರ್ ಇಲ್ಲ, ಒಪ್ಪುತ್ತೇನೆ. ಪ್ರಸ್ತಾವನೆ ತಿರಸ್ಕೃತವಾಗುತ್ತದೆ, ಅದನ್ನೂ ಒಪ್ಪುತ್ತೇನೆ. ಹಿಂಬರಹ ಕೊಟ್ಟರೆ ಸಾಕು.

ಅಷ್ಟರಲ್ಲಿ ಹಾಸನದ ಬಸ್ಸು ಬಂತು. ಇವಳು ಹತ್ತಿದಳು. ಕಂಡಕ್ಟರ್ ಬಂದ, ಇವಳು ಚೀಲದಿಂದ ಆಧಾರ್ ತೆಗೆದು ತೋರಿಸಿದಳು. ನಿನ್ನೆ ರಾತ್ರಿ ಅವನು ಮಲಗಿದ ಮೇಲೆ ಬೀರುವಿನಿಂದ ತೆಗೆದಿಟ್ಟುಕೊಂಡದ್ದು. ಮೆಷಿನ್ ಕಿರ್ ಎಂದಿತು, ಶೂನ್ಯ ರೂಪಾಯಿಯ ಟಿಕೆಟ್ ಬಂತು. ನ್ಯಾಯದಾನದ ಯಾವ ಅನುದಾನದ ಲೆಕ್ಕದಲ್ಲೂ ಈ ಟಿಕೆಟ್ ಇಲ್ಲ, 2023ರ ಜೂನ್‌ನಿಂದ ಕೊಡುತ್ತಿರುವ ಇದನ್ನು ಪುಗಸಟ್ಟೆ ಎಂದು ಹಂಗಿಸಿದವರೇ ಹೆಚ್ಚು. ಕೋರ್ಟಿನ ವಾಯಿದೆಗೆ ಹೋಗಲು ಬಸ್ಸಿನ ದುಡ್ಡನ್ನು ಹೊಡೆದವನ ಹತ್ತಿರವೇ ಕೇಳಬೇಕಾಗಿದ್ದ ಕಾಲ ಅವಳಿಗೆ ನೆನಪಿದೆ.

ಕಂಡಕ್ಟರ್ ಏನನ್ನೂ ಕೇಳಲಿಲ್ಲ. ಯಾಕೆ ಹೋಗ್ತಿದೀಯ, ಗಂಡನಿಗೆ ಹೇಳಿದೀಯಾ, ಹೊಂದ್ಕಂಡ್ ಹೋಗಬಾರ್ದಾ, ಯಾವುದನ್ನೂ ಕೇಳಲಿಲ್ಲ. ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ, ಹಿಂಬರಹದ ಪಕ್ಕದಲ್ಲಿಟ್ಟು, ಚೀಲದ ಬಾಯಿ ಬಿಗಿದಳು. ಬಸ್ಸು ಹೊರಟಿತು.